ವಾಲ್ಯೂಮ್ ಓದುವುದು ಹೇಗೆ? ಬೆಲೆಯ ಏರಿಳಿತವನ್ನು ಎಷ್ಟು ನಂಬಬೇಕು ಎಂದು ತಿಳಿಯುವ ದಾರಿ

ಒಂದು ಷೇರು ಇವತ್ತು ಶೇ 3 ಏರಿದೆ. ಇಷ್ಟರಿಂದಲೇ ನಾಳೆಯ ಬಗ್ಗೆ ಏನು ಗೊತ್ತಾಗುತ್ತದೆ? ಹೆಚ್ಚೇನೂ ಇಲ್ಲ. ಅದೇ ಏರಿಕೆ ಮಾಮೂಲಿಗಿಂತ ಮೂರು ಪಟ್ಟು ವಹಿವಾಟಿನಲ್ಲಿ ಬಂದಿದ್ದರೆ ಕಥೆ ಬೇರೆ. ಅರ್ಧದಷ್ಟು ವಹಿವಾಟಿನಲ್ಲಿ ಬಂದಿದ್ದರೆ ಇನ್ನೂ ಬೇರೆ. ಮೂರೂ ದಿನ ಬೆಲೆಯ ಚಾರ್ಟ್ ಒಂದೇ ಥರ ಕಾಣುತ್ತದೆ. ವ್ಯತ್ಯಾಸ ಕಾಣಬೇಕಾದರೆ ಅದರ ಕೆಳಗಿರುವ ವಾಲ್ಯೂಮ್ ಕಂಬಗಳನ್ನು, ಅಂದರೆ ಎಷ್ಟು ಷೇರು ಕೈ ಬದಲಾದವು ಎಂದು ತೋರಿಸುವ ಕಂಬಗಳನ್ನು ನೋಡಬೇಕು.

ವಾಲ್ಯೂಮ್ ನೋಡಿದರೆ ಬೆಲೆ ಎತ್ತ ಹೋಗುತ್ತದೆ ಅಂತ ಗೊತ್ತಾಗುತ್ತದೆ ಎಂದು ಹಲವರು ಹೇಳುತ್ತಾರೆ. ನನಗೆ ಹಾಗನ್ನಿಸುವುದಿಲ್ಲ. ದಿಕ್ಕು ಹೇಳುವುದು ಬೆಲೆಯ ಕೆಲಸ. ಅದು ಹೇಳಿದ್ದನ್ನು ಎಷ್ಟು ನಂಬಬಹುದು ಎಂದು ತೂಗಿ ನೋಡುವುದಕ್ಕೆ ವಾಲ್ಯೂಮ್ ಬೇಕು. ಈ ಲೇಖನದಲ್ಲಿರುವ ಎಲ್ಲ ಹಂತಗಳೂ ಆ ತೂಗುವ ಕೆಲಸಕ್ಕೆ ಸಂಬಂಧಿಸಿದವು.

ಹಂತ 1: ಆ ಕಂಬ ಏನನ್ನು ಎಣಿಸುತ್ತದೆ?

ಒಬ್ಬರು 100 ಷೇರು ಮಾರಿದರು, ಇನ್ನೊಬ್ಬರು ಕೊಂಡರು. ವಾಲ್ಯೂಮ್ 100. ಇನ್ನೂರಲ್ಲ. ಪ್ರತಿ ವಹಿವಾಟಿಗೂ ಎರಡು ಕಡೆ ಇರುತ್ತದೆ, ಆದರೆ ಎಣಿಕೆ ಒಂದೇ ಸಲ.

ಹಾಗಾಗಿ 'ಇವತ್ತು ಮಾರುವವರಿಗಿಂತ ಕೊಳ್ಳುವವರು ಜಾಸ್ತಿ ಇದ್ದರು' ಎನ್ನುವ ಮಾತಿಗೆ ಅರ್ಥವಿಲ್ಲ. ಕೊಂಡ ಷೇರುಗಳೂ ಮಾರಿದ ಷೇರುಗಳೂ ಯಾವಾಗಲೂ ಸರಿಸಮ, ಅಲ್ವಾ? ಬದಲಾಗುವುದು ಅವಸರ ಯಾರಿಗಿತ್ತು ಎನ್ನುವುದು. ಕೊಳ್ಳುವವರಿಗೆ ಅವಸರ ಇದ್ದರೆ ಮಾರುವವರು ಕೇಳಿದ ಬೆಲೆಗೇ ಎತ್ತಿಕೊಳ್ಳುತ್ತಾ ಹೋಗುತ್ತಾರೆ, ಬೆಲೆ ಮೇಲೇರುತ್ತದೆ. ಮಾರುವವರಿಗೆ ಅವಸರ ಇದ್ದರೆ ಸಿಕ್ಕಿದ ಬೆಲೆಗೆ ಕೊಟ್ಟು ಹೊರಬೀಳುತ್ತಾರೆ.

ಕಂಬದ ಬಣ್ಣಕ್ಕೂ ಜನ ಮೋಸ ಹೋಗುತ್ತಾರೆ. ಹಸಿರು ಕಂಬ ಅಂದರೆ ಅಷ್ಟೂ ಖರೀದಿ, ಕೆಂಪು ಅಂದರೆ ಅಷ್ಟೂ ಮಾರಾಟ ಅಂತಲ್ಲ. ಬಹುತೇಕ ಚಾರ್ಟ್‌ಗಳಲ್ಲಿ ಆ ಬಣ್ಣ ಸುಮ್ನೆ, ದಿನದ ಬೆಲೆಯ ಏರಿಳಿತ ತೋರಿಸುವ ಮೇಲಿನ ಕ್ಯಾಂಡಲ್‌ನಿಂದ ಬಂದದ್ದು. ಮುಕ್ತಾಯದ ಬೆಲೆ ಆರಂಭಕ್ಕಿಂತ ಅಥವಾ ಹಿಂದಿನ ಮುಕ್ತಾಯಕ್ಕಿಂತ ಮೇಲಿದ್ದರೆ ಹಸಿರು, ಕೆಳಗಿದ್ದರೆ ಕೆಂಪು. ಆಗಾಗ ಸೆಟ್ಟಿಂಗ್‌ಗೆ ಹೋಗಿ ಎಲ್ಲ ಕಂಬಗಳಿಗೂ ಒಂದೇ ಬೂದು ಬಣ್ಣ ಕೊಟ್ಟು ನೋಡಿ. ಓದುವ ರೀತಿಯೇ ಬದಲಾಗುತ್ತದೆ.

ಹಂತ 2: 'ಜಾಸ್ತಿ' ಅಂದರೆ ಎಷ್ಟು ಅಂತ ಮೊದಲು ಗೊತ್ತುಮಾಡಿಕೊಳ್ಳಿ

10 ಲಕ್ಷ ಷೇರುಗಳ ವಹಿವಾಟು ದೊಡ್ಡದೋ ಚಿಕ್ಕದೋ? ಅದೊಂದೇ ಅಂಕಿಯಿಂದ ಹೇಳಲು ಆಗುವುದಿಲ್ಲ. ಒಂದು ಷೇರಿಗೆ ಅದು ಹಬ್ಬ, ಇನ್ನೊಂದಕ್ಕೆ ಬರಗಾಲ. ಪ್ರತಿ ಷೇರನ್ನೂ ಅದರ ಹಳೆಯ ದಿನಗಳ ಜೊತೆಗೇ ಹೋಲಿಸಬೇಕು.

ಸಾಮಾನ್ಯವಾಗಿ 20 ದಿನಗಳ ಸರಾಸರಿಯನ್ನು ಬಳಸುತ್ತಾರೆ. ಸುಮಾರು ಒಂದು ತಿಂಗಳ ವಹಿವಾಟು ಅದರಲ್ಲಿ ಬರುತ್ತದೆ. ಆದರೆ ಸರಾಸರಿಯಲ್ಲಿ ಒಂದು ತೊಂದರೆ ಇದೆ. 19 ದಿನ ತಲಾ 4 ಲಕ್ಷ ವಹಿವಾಟು ನಡೆದು, ಒಂದೇ ಒಂದು ದಿನ 60 ಲಕ್ಷ ನಡೆಯಿತು ಅಂದುಕೊಳ್ಳಿ. ಸರಾಸರಿ 6.8 ಲಕ್ಷಕ್ಕೆ ಜಿಗಿಯುತ್ತದೆ. ಇವತ್ತು 6 ಲಕ್ಷ ನಡೆದರೆ 'ಸರಾಸರಿಗಿಂತ ಕಡಿಮೆ' ಅಂತ ಚಾರ್ಟ್ ತೋರಿಸುತ್ತದೆ. ನಿಜಕ್ಕೂ ಅದು ಮಾಮೂಲಿ ದಿನಕ್ಕಿಂತ ಒಂದೂವರೆ ಪಟ್ಟು. ಇದಕ್ಕೆ ಪರಿಹಾರ ಮೀಡಿಯನ್, ಅಂದರೆ 20 ದಿನಗಳ ಅಂಕಿಗಳನ್ನು ಸಣ್ಣದರಿಂದ ದೊಡ್ಡದಕ್ಕೆ ಜೋಡಿಸಿದಾಗ ಮಧ್ಯದಲ್ಲಿ ಸಿಗುವ ಅಂಕಿ. ಮೇಲಿನ ಉದಾಹರಣೆಯಲ್ಲಿ ಅದು 4 ಲಕ್ಷವೇ ಆಗಿ ಉಳಿಯುತ್ತದೆ. ಸ್ಪ್ರೆಡ್‌ಶೀಟ್‌ನಲ್ಲಿ ಒಂದು ಫಾರ್ಮುಲಾ ಹಾಕಿದರೆ ಮುಗಿಯಿತು.

ಇವತ್ತಿನ ವಾಲ್ಯೂಮನ್ನು ಆ ಮೀಡಿಯನ್‌ನಿಂದ ಭಾಗಿಸಿ. ಬಂದದ್ದು ಇವತ್ತಿನ ಪಟ್ಟು. 1 ಅಂದರೆ ಮಾಮೂಲಿ. 0.6 ಅಂದರೆ ಯಾರಿಗೂ ಆಸಕ್ತಿ ಇಲ್ಲ. 1.5 ದಾಟಿದರೆ ಗಮನಿಸಬೇಕು. 3 ದಾಟಿದರೆ ಏನೋ ನಡೆದಿದೆ ಅಂತಲೇ ಅರ್ಥ. ಈ ಗಡಿಗಳು ಶಾಸನವೇನಲ್ಲ, ಅಂದಾಜಿನವು. ಲೆಕ್ಕ ಹಾಕುವಾಗ ಇವತ್ತಿನ ದಿನವನ್ನು ಆ 20ರಲ್ಲಿ ಸೇರಿಸಬೇಡಿ.

ಷೇರು ವಿಭಜನೆ ಆಗಿದೆಯೋ ಅಂತಲೂ ನೋಡಿ. ಒಂದು ಷೇರು ಐದಾದರೆ ಅದೇ ಹಣದ ವಹಿವಾಟಿಗೆ ಐದು ಪಟ್ಟು ವಾಲ್ಯೂಮ್ ಕಾಣುತ್ತದೆ. ಒಳ್ಳೆಯ ಚಾರ್ಟ್‌ಗಳು ಹಳೆಯ ಅಂಕಿಗಳನ್ನೂ ಸರಿಪಡಿಸಿರುತ್ತವೆ. ನೀವೇ ಡೇಟಾ ಇಳಿಸಿಕೊಂಡಿದ್ದರೆ ಪರೀಕ್ಷಿಸಿಯೇ ಮುಂದೆ ಹೋಗಿ.

ದಿನಕ್ಕೆ ಕೆಲವೇ ಸಾವಿರ ಷೇರು ಕೈ ಬದಲಾಗುವ ಕಂಪನಿಗಳಲ್ಲಿ ಈ ಪಟ್ಟಿನ ಲೆಕ್ಕವೇ ಬೇಡ. ಅಲ್ಲಿ ಒಬ್ಬರೇ ಒಬ್ಬರು ಮನಸ್ಸು ಮಾಡಿದರೆ ಐದು ಪಟ್ಟು ಆಗಿಬಿಡುತ್ತದೆ.

ಹಂತ 3: ವಹಿವಾಟು ಯಾಕೆ ಬಂತು ಅಂತ ಕೇಳಿ

ಹೆಚ್ಚಿನವರು ಹಾರಿಸಿಬಿಡುವ ಹಂತ ಇದು. ದೊಡ್ಡ ಕಂಬ ಕಂಡ ಕೂಡಲೇ 'ದೊಡ್ಡವರು ಬಂದರು' ಅಂದುಬಿಡುತ್ತಾರೆ. ದೊಡ್ಡವರು ಬಂದಿರಬಹುದು, ಆದರೆ ಅವರಿಗೆ ಆ ಷೇರಿನ ಬಗ್ಗೆ ಯಾವ ಅಭಿಪ್ರಾಯವೂ ಇಲ್ಲದೆ ಇರಬಹುದು.

ಸೂಚ್ಯಂಕದ ಪಟ್ಟಿ ಬದಲಾದ ದಿನ ಆ ಪಟ್ಟಿಯ ಷೇರುಗಳನ್ನೇ ಹಿಡಿದಿಡುವ ಇಂಡೆಕ್ಸ್ ಫಂಡ್‌ಗಳು ಕೊಳ್ಳಲೇಬೇಕು, ಮಾರಲೇಬೇಕು. ಅದರ ಬಹುಪಾಲು ದಿನದ ಕೊನೆಯಲ್ಲಿ ನಡೆಯುತ್ತದೆ. ಷೇರಿನ ಬೆಲೆಗೆ ಕಟ್ಟಿದ ಒಪ್ಪಂದಗಳಾದ ಡೆರಿವೇಟಿವ್ಸ್ ಅವಧಿ ಮುಗಿಯುವ ದಿನ ಹಳೆಯ ಪೊಸಿಷನ್‌ಗಳನ್ನು ಮುಚ್ಚುವುದಕ್ಕೆಂದೇ ವಹಿವಾಟು ಏರುತ್ತದೆ. ಇಬ್ಬರು ದೊಡ್ಡ ಹೂಡಿಕೆದಾರರು ಮೊದಲೇ ಮಾತಾಡಿಕೊಂಡು ಒಂದೇ ಏಟಿಗೆ ದೊಡ್ಡ ಪಾಲನ್ನು ಕೈ ಬದಲಾಯಿಸಿದರೆ ಅದೂ ಕಂಬದಲ್ಲಿ ಬರುತ್ತದೆ. ಇಂಥ ದಿನಗಳಿಗೆ, ದಿನವೂ ಅಂಕಿ ಬರೆದಿಡುವ ನಿಮ್ಮ ಪಟ್ಟಿಯಲ್ಲಿ ಗುರುತು ಹಾಕಿ, ಮೀಡಿಯನ್ ಲೆಕ್ಕದಿಂದಲೂ ಕೊಳ್ಳುವ, ಮಾರುವ ಸಂಕೇತದ ಲೆಕ್ಕದಿಂದಲೂ ಹೊರಗಿಡಿ.

ಕಂಪನಿ ತನ್ನ ಲಾಭ ನಷ್ಟದ ಫಲಿತಾಂಶ ಪ್ರಕಟಿಸುವ ದಿನ ಬೇರೆ ಜಾತಿಯದು. ಅವತ್ತು ನಿಜವಾಗಿಯೂ ಹೊಸ ಸುದ್ದಿ ಇದೆ, ನಿಜವಾದ ಮರುಲೆಕ್ಕಾಚಾರ ನಡೆಯುತ್ತಿದೆ. ಅದನ್ನು ಹೊರಗಿಡಬೇಡಿ, ಆದರೆ 'ಫಲಿತಾಂಶ' ಅಂತ ಬರೆದಿಡಿ.

ಹಂತ 4: ಶ್ರಮ ಎಷ್ಟು, ಫಲ ಎಷ್ಟು

20ನೇ ಶತಮಾನದ ಮೊದಲ ದಶಕಗಳಲ್ಲಿ ಅಮೆರಿಕದ ರಿಚರ್ಡ್ ವೈಕಾಫ್ ಬೆಲೆ ಮತ್ತು ವಾಲ್ಯೂಮನ್ನು ಜೊತೆಗಿಟ್ಟು ಓದುವ ಒಂದು ಕ್ರಮವನ್ನೇ ಬೆಳೆಸಿದರು. ಅವರಿಗಿಂತ ಮೊದಲು ಚಾರ್ಲ್ಸ್ ಡೌ ಬರಹಗಳಿಂದ ಬೆಳೆದ ಡೌ ಥಿಯರಿ, ಟ್ರೆಂಡ್‌ಗೆ ವಾಲ್ಯೂಮ್ ಸಾಕ್ಷಿ ಹೇಳಬೇಕು ಎಂದಷ್ಟೇ ಹೇಳಿತ್ತು. ವೈಕಾಫ್ ಅದನ್ನು ಇನ್ನೂ ಹರಿತ ಮಾಡಿದರು. ವಾಲ್ಯೂಮ್ ಅಂದರೆ ಹಾಕಿದ ಶ್ರಮ. ಬೆಲೆ ಎಷ್ಟು ಕದಲಿತು ಎನ್ನುವುದು ಫಲ. ಎರಡೂ ಒಂದಕ್ಕೊಂದು ಹೊಂದುತ್ತವೆಯಾ ಅಂತ ನೋಡಬೇಕು.

ಇದಕ್ಕೆ ದಿನವೂ ಮೂರು ಅಂಕಿ ಬರೆದುಕೊಂಡರೆ ಸಾಕು. ಮೊದಲನೆಯದು ಮೇಲೆ ಹೇಳಿದ ಪಟ್ಟು. ಎರಡನೆಯದು ದಿನದ ಹರವು, ಅಂದರೆ ಗರಿಷ್ಠದಿಂದ ಕನಿಷ್ಠವನ್ನು ಕಳೆದದ್ದು. ಮೂರನೆಯದು ಮುಕ್ತಾಯದ ಜಾಗ: ಮುಕ್ತಾಯದಿಂದ ಕನಿಷ್ಠವನ್ನು ಕಳೆದು ಹರವಿನಿಂದ ಭಾಗಿಸಿ. 1ರ ಹತ್ತಿರ ಬಂದರೆ ದಿನದ ತುದಿಯಲ್ಲಿ ಮುಗಿದಿದೆ, 0 ಹತ್ತಿರ ಬಂದರೆ ಬುಡದಲ್ಲಿ.

ಶ್ರಮವೂ ದೊಡ್ಡದು, ಫಲವೂ ದೊಡ್ಡದು ಆಗಿದ್ದರೆ ಹೊಂದಾಣಿಕೆ ಇದೆ. ಎರಡೂ ಚಿಕ್ಕದಾಗಿದ್ದರೆ ಯಾರಿಗೂ ಅವಸರವಿಲ್ಲ, ಅಷ್ಟೇ.

ಸ್ವಾರಸ್ಯ ಇರುವುದು ಹೊಂದದ ಕಡೆ. ವಹಿವಾಟು ಮೂರು ಪಟ್ಟು, ಬೆಲೆ ಮಾತ್ರ ಇದ್ದಲ್ಲೇ ಇದೆ ಅಂದರೆ ಕೊಳ್ಳುವವರ ಅವಸರವನ್ನೆಲ್ಲ ಯಾರೋ ಅಷ್ಟೇ ಪ್ರಮಾಣದಲ್ಲಿ ಮಾರಿ ನುಂಗುತ್ತಿದ್ದಾರೆ. ದೀರ್ಘ ಏರಿಕೆಯ ನಂತರ ಇದು ಕಂಡರೆ ಎಚ್ಚರಿಕೆ. ದೀರ್ಘ ಇಳಿಕೆಯ ನಂತರ ಕಂಡರೆ ತಿರುವು ಮುರುವು: ಮಾರುವವರು ಸುರಿಯುತ್ತಿದ್ದಾರೆ, ಆದರೂ ಬೆಲೆ ಬೀಳುತ್ತಿಲ್ಲ, ಯಾರೋ ಕೆಳಗೆ ಹಿಡಿಯುತ್ತಿದ್ದಾರೆ. ಇದಕ್ಕೆ ವಿರುದ್ಧವಾಗಿ, ವಹಿವಾಟೇ ಇಲ್ಲದೆ ಬೆಲೆ ಸರ್ರನೆ ಏರಿದರೆ ಎದುರಿಗೆ ಮಾರುವವರೇ ಇಲ್ಲ ಅಂತ ಅರ್ಥ. ಇದನ್ನು ಕಣ್ಣು ಮುಚ್ಚಿಕೊಂಡು 'ದುರ್ಬಲ ಏರಿಕೆ' ಅಂತ ಪುಸ್ತಕಗಳು ಬರೆಯುತ್ತವೆ. ಯಾವಾಗಲೂ ಹಾಗಲ್ಲ. ಮಾರಲು ಯಾರೂ ಸಿದ್ಧರಿಲ್ಲದ ಷೇರು ವಾರಗಟ್ಟಲೆ ಕಡಿಮೆ ವಾಲ್ಯೂಮ್‌ನಲ್ಲೇ ಏರುತ್ತಾ ಹೋಗಬಹುದು. ಆದರೆ ಅಂಥ ಕಡೆ ಒಂದು ಕೆಟ್ಟ ಸುದ್ದಿ ಬಂದರೆ ಕೆಳಗೆ ಕೊಳ್ಳುವವರೂ ಇರುವುದಿಲ್ಲ.

ಹಂತ 5: ಆರು ದಿನಗಳನ್ನು ಕೂತು ಓದಿ

ಒಂದು ಕಾಲ್ಪನಿಕ ಷೇರು ತೆಗೆದುಕೊಳ್ಳೋಣ. ಎರಡು ಸಲ 200ರ ಹತ್ತಿರ ಹೋಗಿ ವಾಪಸ್ ಬಂದಿದೆ. 20 ದಿನಗಳ ಮೀಡಿಯನ್ ವಾಲ್ಯೂಮ್ 4 ಲಕ್ಷ. ಹಿಂದಿನ ಮುಕ್ತಾಯ 195.

ಮೊದಲ ದಿನ: ಕನಿಷ್ಠ 193, ಗರಿಷ್ಠ 199, ಮುಕ್ತಾಯ 198. ವಾಲ್ಯೂಮ್ 5.2 ಲಕ್ಷ, ಅಂದರೆ 1.3 ಪಟ್ಟು. ಬಾಗಿಲ ಹತ್ತಿರ ಬಂದಿದೆ, ಇನ್ನೂ ತಟ್ಟಿಲ್ಲ.

ಎರಡನೇ ದಿನ: ಕನಿಷ್ಠ 198, ಗರಿಷ್ಠ 207, ಮುಕ್ತಾಯ 206. ವಾಲ್ಯೂಮ್ 11 ಲಕ್ಷ, 2.75 ಪಟ್ಟು. ಮುಕ್ತಾಯದ ಜಾಗ 0.89. ಶ್ರಮವೂ ಇದೆ, ಫಲವೂ ಇದೆ. 200 ದಾಟಿದ್ದು, ಅಂದರೆ ಬ್ರೇಕ್‌ಔಟ್, ನಂಬುವಂತಿದೆ.

ಮೂರನೇ ದಿನ: ಕನಿಷ್ಠ 204, ಗರಿಷ್ಠ 211, ಮುಕ್ತಾಯ 205. ವಾಲ್ಯೂಮ್ 13.6 ಲಕ್ಷ, 3.4 ಪಟ್ಟು. ಇಲ್ಲಿ ನಿಲ್ಲಿ. ನಿನ್ನೆಗಿಂತ ಜಾಸ್ತಿ ಶ್ರಮ ಬಿದ್ದಿದೆ, ಬೆಲೆ ಮಾತ್ರ 1 ಇಳಿದಿದೆ. ಮುಕ್ತಾಯದ ಜಾಗ 0.14, ಅಂದರೆ ಬುಡದಲ್ಲಿ. 207ರಿಂದ 211ರ ನಡುವೆ ಯಾರೋ ಚೆನ್ನಾಗಿ ಮಾರಿದ್ದಾರೆ. ಬ್ರೇಕ್‌ಔಟ್ ನೋಡಿ ಓಡಿ ಬಂದವರೆಲ್ಲ ಈ ದಿನದ ಬೆಳಿಗ್ಗೆ ಸಿಕ್ಕಿಹಾಕಿಕೊಂಡಿರುತ್ತಾರೆ.

ಹಾಗಾದರೆ ಬ್ರೇಕ್‌ಔಟ್ ಸುಳ್ಳಾ? ಇನ್ನೂ ಹೇಳುವ ಹಾಗಿಲ್ಲ. ಮುಂದಿನ ಎರಡು ದಿನವೇ ಉತ್ತರ.

ನಾಲ್ಕನೇ ದಿನ: 202ರಿಂದ 206ರ ನಡುವೆ ಓಡಾಡಿ 203ಕ್ಕೆ ಮುಗಿಯಿತು. ವಾಲ್ಯೂಮ್ 3.6 ಲಕ್ಷ, 0.9 ಪಟ್ಟು. ಐದನೇ ದಿನ: 201ರಿಂದ 204, ಮುಕ್ತಾಯ 202. ವಾಲ್ಯೂಮ್ 2.8 ಲಕ್ಷ, 0.7 ಪಟ್ಟು. ಬೆಲೆ ಇಳಿಯುತ್ತಿದೆ, ಆದರೆ ಜೊತೆಗೆ ವಹಿವಾಟೂ ಒಣಗುತ್ತಿದೆ. ಮೂರನೇ ದಿನ ಮೇಲೆ ಮಾರಿದವರು ಕೆಳಗೆ ಬೆನ್ನಟ್ಟಿ ಮಾರುತ್ತಿಲ್ಲ. 200 ಒಡೆದಿಲ್ಲ.

ಆರನೇ ದಿನ: ಕನಿಷ್ಠ 202, ಗರಿಷ್ಠ 209, ಮುಕ್ತಾಯ 208. ವಾಲ್ಯೂಮ್ 6.8 ಲಕ್ಷ, 1.7 ಪಟ್ಟು, ಮುಕ್ತಾಯದ ಜಾಗ 0.86. ಕೊಳ್ಳುವವರು ವಾಪಸ್ ಬಂದಿದ್ದಾರೆ. ಎರಡನೇ ದಿನಕ್ಕಿಂತ ನನಗೆ ಈ ದಿನವೇ ಹೆಚ್ಚು ಇಷ್ಟ. ಯಾಕೆಂದರೆ ಈಗ ತಪ್ಪಾದರೆ ಎಲ್ಲಿ ಹೊರಬೀಳಬೇಕು ಅಂತ ಸ್ಪಷ್ಟವಾಗಿದೆ. ಐದನೇ ದಿನದ ಕನಿಷ್ಠ 201ರ ಕೆಳಗೆ, 200ಕ್ಕೂ ಸ್ವಲ್ಪ ಕೆಳಗೆ ಸ್ಟಾಪ್‌ಲಾಸ್ ಇಡಬಹುದು. 211ರಲ್ಲಿ ಮತ್ತೆ ಮಾರುವವರು ಕಾಯುತ್ತಿರಬಹುದು ಎನ್ನುವುದೂ ಗೊತ್ತಿದೆ.

ಈಗ ನಾಲ್ಕನೇ ದಿನವನ್ನು ಬದಲಾಯಿಸಿ ನೋಡಿ. 9 ಲಕ್ಷ ವಾಲ್ಯೂಮ್‌ನಲ್ಲಿ ಬೆಲೆ 198ಕ್ಕೆ ಬಂದು ಮುಗಿದಿದ್ದರೆ? ಮೂರನೇ ದಿನದ ಎಚ್ಚರಿಕೆ ನಿಜವಾದಂತೆ. ಬ್ರೇಕ್‌ಔಟ್ ಸೋತಿದೆ, ವಾದ ಮಾಡುವುದಕ್ಕೆ ಏನೂ ಉಳಿದಿಲ್ಲ.

ಹಂತ 6: ದಿನದ ಮಧ್ಯದಲ್ಲಿ ನೋಡುವಾಗ ಗಡಿಯಾರವನ್ನೂ ನೋಡಿ

ಮೇಲಿನ ಓದಿಗೆ ದಿನ ಮುಗಿಯಬೇಕು. ಮಾರುಕಟ್ಟೆ ತೆರೆದಿರುವಾಗಲೇ ನಿರ್ಧಾರ ಮಾಡಬೇಕಾದರೆ ಲೆಕ್ಕ ಸ್ವಲ್ಪ ಬೇರೆ.

ಷೇರು ಮಾರುಕಟ್ಟೆಯಲ್ಲಿ ವಹಿವಾಟು ದಿನವಿಡೀ ಸಮನಾಗಿ ನಡೆಯುವುದಿಲ್ಲ. ಆರಂಭದಲ್ಲಿ ಜೋರು, ಮಧ್ಯಾಹ್ನ ಮಂದ, ಕೊನೆಗೆ ಮತ್ತೆ ಜೋರು. ಮೊದಲ ಅರ್ಧ ಗಂಟೆಯ ದೊಡ್ಡ ಕಂಬವನ್ನು ಮಧ್ಯಾಹ್ನದ ಕಂಬಗಳ ಜೊತೆ ಹೋಲಿಸಿ 'ವಾಲ್ಯೂಮ್ ಬಂತು' ಅಂದರೆ ದಿನವೂ ಬೆಳಿಗ್ಗೆ ಸಂಕೇತ ಸಿಗುತ್ತದೆ. ಹೋಲಿಸಬೇಕಾದದ್ದು ಹಿಂದಿನ 20 ದಿನಗಳ ಇದೇ ಅರ್ಧ ಗಂಟೆಯ ಜೊತೆ. ಅದು ಕಷ್ಟ ಅನ್ನಿಸಿದರೆ, ಬೆಳಿಗ್ಗೆಯಿಂದ ಈ ಹೊತ್ತಿನವರೆಗೆ ಒಟ್ಟು ಎಷ್ಟಾಗಿದೆ, ಮಾಮೂಲಿ ದಿನ ಇದೇ ಹೊತ್ತಿಗೆ ಎಷ್ಟಾಗಿರುತ್ತದೆ ಅಂತ ನೋಡಿ.

ದಿನದೊಳಗಿನ ವ್ಯಾಪಾರಕ್ಕೆ ವಿವ್ಯಾಪ್ ಎಂಬ ರೇಖೆ ಒಳ್ಳೆಯ ಸಂಗಾತಿ. ಪ್ರತಿ ವಹಿವಾಟಿನ ಬೆಲೆಯನ್ನು ಅದರ ಪ್ರಮಾಣದಿಂದ ಗುಣಿಸಿ, ಎಲ್ಲ ಕೂಡಿಸಿ, ಒಟ್ಟು ವಾಲ್ಯೂಮ್‌ನಿಂದ ಭಾಗಿಸಿದರೆ ಅದು ಸಿಗುತ್ತದೆ. ಇವತ್ತು ಕೊಂಡ ಪ್ರತಿ ಷೇರಿಗೆ ಸರಾಸರಿ ಎಷ್ಟು ಬಿದ್ದಿದೆ ಅನ್ನುವ ಲೆಕ್ಕ ಅಷ್ಟೇ. ಬೆಲೆ ಅದರ ಮೇಲಿದ್ದರೆ ಇವತ್ತು ಕೊಂಡವರು ಒಟ್ಟಾರೆ ಲಾಭದಲ್ಲಿದ್ದಾರೆ. ದೊಡ್ಡ ಸಂಸ್ಥೆಗಳು ತಮ್ಮ ಖರೀದಿ ಚೆನ್ನಾಗಿ ಆಯಿತಾ ಎಂದು ಅಳೆಯುವುದಕ್ಕೂ ಇದನ್ನೇ ಬಳಸುತ್ತವೆ. ಮರುದಿನ ರೇಖೆ ಹೊಸದಾಗಿ ಶುರುವಾಗುತ್ತದೆ.

ಹಂತ 7: ಭಯಂಕರ ವಾಲ್ಯೂಮ್ ಕಂಡರೆ ತಳ ಸಿಕ್ಕಿತು ಅಂದುಕೊಳ್ಳಬೇಡಿ

ಜೋರಾಗಿ ಬೀಳುತ್ತಿರುವ ಮಾರುಕಟ್ಟೆಯಲ್ಲಿ ಒಂದು ದಿನ ವಿಪರೀತ ವಹಿವಾಟು ನಡೆದರೆ ಅದನ್ನು ಸೆಲ್ಲಿಂಗ್ ಕ್ಲೈಮ್ಯಾಕ್ಸ್ ಅನ್ನುತ್ತಾರೆ. ಮಾರಬೇಕೆಂದಿದ್ದವರೆಲ್ಲ ಮಾರಿ ಆಯಿತು, ಇನ್ನು ಬೀಳಲು ಏನೂ ಉಳಿದಿಲ್ಲ ಎನ್ನುವ ತರ್ಕ. ಕೇಳಲು ಸರಿಯಾಗಿದೆ. ಇತಿಹಾಸದ ಎರಡು ದೊಡ್ಡ ದಿನಗಳನ್ನು ಪಕ್ಕಪಕ್ಕ ಇಟ್ಟು ನೋಡಿ.

1987ರ ಅಕ್ಟೋಬರ್ 19. ಡೌ ಜೋನ್ಸ್ ಸೂಚ್ಯಂಕ ಒಂದೇ ದಿನ ಶೇ 22.6 ಬಿತ್ತು. ನ್ಯೂಯಾರ್ಕ್ ಸ್ಟಾಕ್ ಎಕ್ಸ್‌ಚೇಂಜ್‌ನಲ್ಲಿ ಸುಮಾರು 60.4 ಕೋಟಿ ಷೇರು ಕೈ ಬದಲಾದವು, ಅಲ್ಲಿಯವರೆಗಿನ ದಾಖಲೆ. ಆ ಕುಸಿತದಲ್ಲಿ ಡೌನ ಅತಿ ಕಡಿಮೆ ಮುಕ್ತಾಯ ಅವತ್ತಿನದೇ. 1989ರ ಆಗಸ್ಟ್ ಹೊತ್ತಿಗೆ ಹಳೆಯ ಶಿಖರವನ್ನೂ ದಾಟಿತು. ತರ್ಕ ಗೆದ್ದಿತು.

1929ರ ಅಕ್ಟೋಬರ್ 29. ಸುಮಾರು 1.64 ಕೋಟಿ ಷೇರು. ಆ ದಾಖಲೆ ಸುಮಾರು 40 ವರ್ಷ ಮುರಿಯಲಿಲ್ಲ. ಡೌ 230ಕ್ಕೆ ಮುಗಿಯಿತು, ಮರುದಿನವೇ ಶೇ 12ರಷ್ಟು ಪುಟಿಯಿತು. ಇದೇ ತಳ ಅಂತ ಅವತ್ತು ಕೊಂಡು ಹಿಡಿದುಕೊಂಡವರ ಗತಿ? ನಿಜವಾದ ತಳ ಬಂದದ್ದು 1932ರ ಜುಲೈ 8ರಂದು, 41ರಲ್ಲಿ. ಆ ದಿನ ವಹಿವಾಟು 10 ಲಕ್ಷ ಷೇರೂ ಆಗಲಿಲ್ಲ. ಮಾರುಕಟ್ಟೆ ಕಡೆಗೆ ಯಾರೂ ತಿರುಗಿ ನೋಡದ ಹೊತ್ತಲ್ಲಿ ತಳ ಬಂತು.

ಹಾಗಾಗಿ ಕ್ಲೈಮ್ಯಾಕ್ಸ್ ದಿನ ಮಾಡಬೇಕಾದ್ದು ಕೊಳ್ಳುವುದಲ್ಲ, ಆ ದಿನದ ಕನಿಷ್ಠಕ್ಕೆ ಒಂದು ಗೆರೆ ಎಳೆಯುವುದು. ಮುಂದೆ ಬೆಲೆ ಮತ್ತೆ ಆ ಗೆರೆಯ ಹತ್ತಿರ ಬರುವುದು ಮಾಮೂಲಿ. ಆಗ ವಾಲ್ಯೂಮ್ ತೀರಾ ಕಡಿಮೆ ಇದ್ದು, ಗೆರೆ ಒಡೆಯದೆ ನಿಂತರೆ ಮಾರುವವರು ಖಾಲಿಯಾಗಿದ್ದಾರೆ ಅನ್ನಬಹುದು. ಅಷ್ಟೇ ಜೋರಿನ ವಾಲ್ಯೂಮ್‌ನಲ್ಲಿ ಗೆರೆ ಒಡೆದರೆ ದೂರ ಇರಿ.

ಹಂತ 8: ಇಂಡಿಕೇಟರ್ ಒಂದು ಸಾಕು

ವಾಲ್ಯೂಮ್ ಇಂಡಿಕೇಟರ್‌ಗಳು ಹಲವು ಇವೆ. ಎಲ್ಲವೂ ಅದೇ ಬೆಲೆ, ಅದೇ ವಾಲ್ಯೂಮ್‌ನಿಂದ ಬೇಯಿಸಿದವು. ನಾಲ್ಕನ್ನು ಒಟ್ಟಿಗೆ ಹಾಕಿಕೊಂಡು 'ನಾಲ್ಕೂ ಒಂದೇ ಮಾತು ಹೇಳುತ್ತಿವೆ' ಅಂದರೆ ಒಬ್ಬನೇ ಸಾಕ್ಷಿಯನ್ನು ನಾಲ್ಕು ಸಲ ಕರೆದ ಹಾಗೆ.

ಹೆಚ್ಚು ಜನಪ್ರಿಯವಾದದ್ದು ಆನ್ ಬ್ಯಾಲೆನ್ಸ್ ವಾಲ್ಯೂಮ್, ಓಬಿವಿ. ಜೋಸೆಫ್ ಗ್ರಾನ್‌ವಿಲ್ 1963ರಲ್ಲಿ ಇದನ್ನು ಜನಪ್ರಿಯಗೊಳಿಸಿದರು. ಲೆಕ್ಕ ತುಂಬಾ ಸರಳ. ಮುಕ್ತಾಯ ನಿನ್ನೆಗಿಂತ ಮೇಲಿದ್ದರೆ ದಿನದ ಪೂರ್ತಿ ವಾಲ್ಯೂಮ್ ಕೂಡಿಸಿ, ಕೆಳಗಿದ್ದರೆ ಪೂರ್ತಿ ಕಳೆಯಿರಿ. ಬೆಲೆ ಹೊಸ ಎತ್ತರ ಮುಟ್ಟಿ ಓಬಿವಿ ಮುಟ್ಟದಿದ್ದರೆ ಅನುಮಾನ ಪಡಬೇಕು ಎನ್ನುವುದು ಅದರ ಮುಖ್ಯ ಪಾಠ.

ಸರಳತೆಯೇ ಅದರ ತೊಂದರೆ ಕೂಡ. ನಮ್ಮ ಆರು ದಿನಗಳಿಗೆ ಹಾಕಿ ನೋಡಿ. 0ಯಿಂದ ಶುರುಮಾಡಿದರೆ ಲಕ್ಷಗಳಲ್ಲಿ 5.2, 16.2, 2.6, ಮೈನಸ್ 1, ಮೈನಸ್ 3.8, ಕೊನೆಗೆ 3. ಬೆಲೆ 195ರಿಂದ 208ಕ್ಕೆ ಹೋಗಿದೆ, ಓಬಿವಿ ಹೆಚ್ಚುಕಡಿಮೆ ಹೊರಟಲ್ಲೇ ಇದೆ. ಕಾರಣ ಆ ಮೂರನೇ ದಿನ. ಬೆಲೆ ಇಳಿದದ್ದು 1, ಕಳೆದದ್ದು 13.6 ಲಕ್ಷ. ಅವತ್ತು ಮುಕ್ತಾಯ 205ರ ಬದಲು 207 ಆಗಿದ್ದರೆ ಅದೇ 13.6 ಲಕ್ಷ ಕೂಡುತ್ತಿತ್ತು. ಎರಡು ಅಂಕದ ವ್ಯತ್ಯಾಸಕ್ಕೆ 27.2 ಲಕ್ಷದ ಜಿಗಿತ!

ಮಾರ್ಕ್ ಚೈಕಿನ್ ರೂಪಿಸಿದ ಅಕ್ಯುಮುಲೇಷನ್ ಡಿಸ್ಟ್ರಿಬ್ಯೂಷನ್ ರೇಖೆ ಇದನ್ನು ಸ್ವಲ್ಪ ಮೃದು ಮಾಡುತ್ತದೆ. ಅದು ದಿನದ ಹರವಿನಲ್ಲಿ ಮುಕ್ತಾಯ ಎಲ್ಲಿ ಬಂತು ಎಂದು ನೋಡಿ, ಆ ಪಾಲಿನಷ್ಟು ವಾಲ್ಯೂಮನ್ನು ಮಾತ್ರ ಕೂಡಿಸುತ್ತದೆ ಅಥವಾ ಕಳೆಯುತ್ತದೆ. ಮೂರನೇ ದಿನಕ್ಕೆ ಅದು ಸುಮಾರು 9.7 ಲಕ್ಷ ಕಳೆಯುತ್ತದೆ. ಆದರೆ ನಿನ್ನೆಯ ಮುಕ್ತಾಯವನ್ನು ಅದು ನೋಡುವುದೇ ಇಲ್ಲ. ಬೆಲೆ ದೊಡ್ಡ ಗ್ಯಾಪ್‌ನಲ್ಲಿ ಕೆಳಗೆ ತೆರೆದು, ದಿನದ ತುದಿಯಲ್ಲಿ ಮುಗಿದರೆ ಖುಷಿಯಿಂದ ಕೂಡಿಸಿಬಿಡುತ್ತದೆ. ಯಾವುದನ್ನು ಆರಿಸಿದರೂ ಅದು ಎಲ್ಲಿ ಎಡವುತ್ತದೆ ಅಂತ ಗೊತ್ತಿರಬೇಕು.

ಹಂತ 9: ಯಾವ ಮಾರುಕಟ್ಟೆಯ ವಾಲ್ಯೂಮ್ ಇದು?

ವಿದೇಶಿ ವಿನಿಮಯದ ಸ್ಪಾಟ್ (ತಕ್ಷಣದ ವಿನಿಮಯದ) ಮಾರುಕಟ್ಟೆಗೆ ಒಂದೇ ಕೇಂದ್ರ ಎಕ್ಸ್‌ಚೇಂಜ್ ಇಲ್ಲ. ಅಲ್ಲಿನ ಚಾರ್ಟ್‌ಗಳಲ್ಲಿ ಕಾಣುವುದು ಸಾಮಾನ್ಯವಾಗಿ ಟಿಕ್ ವಾಲ್ಯೂಮ್: ಆ ಬ್ರೋಕರ್ ಬಳಿ ಬೆಲೆ ಎಷ್ಟು ಸಲ ಬದಲಾಯಿತು ಎನ್ನುವ ಎಣಿಕೆ. ಚಟುವಟಿಕೆಯ ಅಂದಾಜಿಗೆ ಆಗುತ್ತದೆ, ಹಣದ ಲೆಕ್ಕಕ್ಕೆ ಆಗದು.

ಕ್ರಿಪ್ಟೋದಲ್ಲಿ ಇನ್ನೂ ಹುಷಾರಾಗಿರಬೇಕು. ತಾವೇ ಮಾರಿ ತಾವೇ ಕೊಳ್ಳುವ ವಾಶ್ ಟ್ರೇಡಿಂಗ್‌ನಿಂದ ಅಂಕಿ ಉಬ್ಬಿಸುವುದು ಅಲ್ಲಿ ಹಳೆಯ ರೋಗ. 2019ರ ಮಾರ್ಚ್‌ನಲ್ಲಿ ಬಿಟ್‌ವೈಸ್ ಸಂಸ್ಥೆ ಅಮೆರಿಕದ ಷೇರು ಮಾರುಕಟ್ಟೆ ನಿಯಂತ್ರಕ ಎಸ್‌ಇಸಿ ಮುಂದಿಟ್ಟ ವಿಶ್ಲೇಷಣೆಯಲ್ಲಿ, ವರದಿಯಾಗುತ್ತಿದ್ದ ಬಿಟ್‌ಕಾಯಿನ್ ವಾಲ್ಯೂಮ್‌ನ ಸುಮಾರು ಶೇ 95 ನಕಲಿ ಅಥವಾ ಆರ್ಥಿಕ ಅರ್ಥವಿಲ್ಲದ್ದು ಎಂದಿತ್ತು. ಚಿಕ್ಕ ಎಕ್ಸ್‌ಚೇಂಜ್‌ಗಳ ಅಂಕಿ ನೋಡಿ ನಿರ್ಧಾರ ಮಾಡಬೇಡಿ.

ಮುಂದಿನ ದಿನಾಂಕಕ್ಕೆ ಈಗಲೇ ಬೆಲೆ ಗೊತ್ತುಮಾಡುವ ಫ್ಯೂಚರ್ಸ್ ಒಪ್ಪಂದಗಳಲ್ಲಿ ಓಪನ್ ಇಂಟರೆಸ್ಟ್ ಎಂಬ ಇನ್ನೊಂದು ಅಂಕಿ ಸಿಗುತ್ತದೆ. ಇವತ್ತು ಎಷ್ಟು ಒಪ್ಪಂದ ಕೈ ಬದಲಾದವು ಎನ್ನುವುದು ವಾಲ್ಯೂಮ್. ಸಂಜೆಗೆ ಎಷ್ಟು ಇನ್ನೂ ಮುಚ್ಚದೆ ಉಳಿದಿವೆ ಎನ್ನುವುದು ಓಪನ್ ಇಂಟರೆಸ್ಟ್. ಬೆಲೆಯೂ ವಾಲ್ಯೂಮೂ ಏರಿ ಓಪನ್ ಇಂಟರೆಸ್ಟ್ ಕೂಡ ಏರಿದರೆ ಹೊಸ ಹಣ ಬರುತ್ತಿದೆ. ಮೊದಲೆರಡು ಏರಿ ಅದು ಇಳಿದರೆ, ಶಾರ್ಟ್ ಮಾಡಿದ್ದವರು, ಅಂದರೆ ಬೆಲೆ ಇಳಿಯುತ್ತದೆಂದು ಮೊದಲೇ ಮಾರಿದ್ದವರು, ಸೋತು ಮುಚ್ಚುತ್ತಿರುವುದೇ ಹೆಚ್ಚು. ಅಂಥ ಏರಿಕೆ ಬೇಗ ಉಸಿರು ಕಳೆದುಕೊಳ್ಳಬಹುದು.

ಹಂತ 10: ನಿಮ್ಮದೇ ಪಟ್ಟಿಯಲ್ಲಿ ಪರೀಕ್ಷಿಸಿ

ಸಂಶೋಧಕರು ಏನು ಕಂಡುಕೊಂಡಿದ್ದಾರೆ? 1987ರಲ್ಲಿ ಜೊನಾಥನ್ ಕಾರ್ಪಾಫ್ ಅಲ್ಲಿಯವರೆಗಿನ ಅಧ್ಯಯನಗಳನ್ನೆಲ್ಲ ಒಟ್ಟು ಮಾಡಿ ನೋಡಿದಾಗ ಗಟ್ಟಿಯಾಗಿ ಸಿಕ್ಕ ಸಂಬಂಧ ವಾಲ್ಯೂಮ್ ಮತ್ತು ಬೆಲೆ ಬದಲಾವಣೆಯ ಗಾತ್ರದ ನಡುವಿನದು. 1993ರಲ್ಲಿ ಕ್ಯಾಂಪ್‌ಬೆಲ್, ಗ್ರಾಸ್‌ಮನ್, ವಾಂಗ್ ಮೂವರು, ಹೆಚ್ಚು ವಾಲ್ಯೂಮ್ ಇದ್ದ ದಿನದ ಬೆಲೆ ಬದಲಾವಣೆ ಮರುದಿನ ಹಿಂದಿರುಗುವ ಒಲವು ಜಾಸ್ತಿ ಎಂದು ತೋರಿಸಿದರು. 2001ರಲ್ಲಿ ಜರ್ವೈಸ್, ಕನಿಯೆಲ್, ಮಿಂಗಲ್‌ಗ್ರಿನ್ ನೋಡಿದ್ದು ಇನ್ನೊಂದು: ಒಂದು ದಿನ ಅಥವಾ ಒಂದು ವಾರ ಅಸಾಮಾನ್ಯ ವಾಲ್ಯೂಮ್ ಕಂಡ ಷೇರುಗಳು ನಂತರದ ತಿಂಗಳಲ್ಲಿ ಏರುವ ಒಲವು ತೋರಿದವು. ಎರಡೂ ಒಂದಕ್ಕೊಂದು ತಿಕ್ಕಾಡುತ್ತವೆ ಅನ್ನಿಸುತ್ತದೆ. ಆದರೆ ಒಂದು ಮರುದಿನದ ಮಾತು, ಇನ್ನೊಂದು ತಿಂಗಳ ಮಾತು. ನೀವು ಎಷ್ಟು ದಿನಕ್ಕೆ ಹಿಡಿಯುತ್ತೀರಿ ಎನ್ನುವುದರ ಮೇಲೆ ಒಂದೇ ಕಂಬ ಬೇರೆ ಬೇರೆ ಮಾತಾಡುತ್ತದೆ. ಆದ್ದರಿಂದ ಅವಧಿಯನ್ನು ಮೊದಲೇ ಬರೆದುಕೊಳ್ಳಿ.

ಪಟ್ಟಿಯಲ್ಲಿ ಇಷ್ಟು ಇರಲಿ: ದಿನಾಂಕ, ಪಟ್ಟು, ಹರವು, ಮುಕ್ತಾಯದ ಜಾಗ, ವಾಲ್ಯೂಮ್ ಬಂದ ಕಾರಣ, ನಿಮ್ಮ ಊಹೆ, ನೀವು ಆರಿಸಿದ ಅವಧಿಯ ನಂತರದ ಬೆಲೆ. ಊಹೆಯನ್ನು ಫಲಿತಾಂಶ ಬರುವ ಮೊದಲೇ ಬರೆಯಬೇಕು. ಹೇಳಬೇಕಾಗಿಲ್ಲ, ಆದರೂ ಹೇಳುತ್ತಿದ್ದೇನೆ.

ಹಳೆಯ ಡೇಟಾ ಮೇಲೆ ಪರೀಕ್ಷಿಸುವವರು ಒಂದು ಗುಂಡಿಗೆ ಬೀಳುತ್ತಾರೆ. ನಿಯಮ ಹೀಗಿರುತ್ತದೆ: 200 ದಾಟಿದಾಗ, ವಾಲ್ಯೂಮ್ 2 ಪಟ್ಟು ಇದ್ದರೆ, 200.5ಕ್ಕೆ ಕೊಳ್ಳು. ಆದರೆ ಬೆಲೆ 200.5 ಇದ್ದದ್ದು ಬೆಳಿಗ್ಗೆ. 2 ಪಟ್ಟು ಅಂತ ಗೊತ್ತಾದದ್ದು ಸಂಜೆ. ಬೆಳಿಗ್ಗೆಯ ಬೆಲೆಗೆ ಸಂಜೆಯ ಜ್ಞಾನ ಬಳಸಿದರೆ ಯಾವ ನಿಯಮವೂ ಲಾಭ ತೋರಿಸುತ್ತದೆ. ದಿನದ ವಾಲ್ಯೂಮ್ ಬಳಸುವುದಾದರೆ ಮರುದಿನದ ಆರಂಭದ ಬೆಲೆಗೆ ಕೊಂಡಂತೆ ಲೆಕ್ಕ ಹಾಕಿ. ಬ್ರೋಕರೇಜ್, ತೆರಿಗೆಯನ್ನೂ ಕಳೆಯಿರಿ. ಅರ್ಧದಷ್ಟು ಚೆಂದದ ನಿಯಮಗಳು ಇಲ್ಲೇ ಸತ್ತುಹೋಗುತ್ತವೆ.

ನಿಮ್ಮ ಆರ್ಡರ್‌ನ ಗಾತ್ರಕ್ಕೂ ವಾಲ್ಯೂಮ್ ಬೇಕು. ಮಾಮೂಲಿ ದಿನದ ವಹಿವಾಟಿನ ಶೇ 1ಕ್ಕಿಂತ ಜಾಸ್ತಿ ನಿಮ್ಮೊಬ್ಬರದೇ ಆಗದಂತೆ ನೋಡಿಕೊಂಡರೆ, ಹೊರಬೀಳುವಾಗ ನೀವೇ ಬೆಲೆ ಬೀಳಿಸುವ ಸಂದರ್ಭ ಕಡಿಮೆ. ಇಲ್ಲಿ ಎಣಿಸಬೇಕಾದದ್ದು ಸದ್ದು ಮಾಡಿದ ದಿನದ ವಾಲ್ಯೂಮ್ ಅಲ್ಲ. ನೀವು ಮಾರುವ ದಿನ ಆ ಜನ ಇರುವುದಿಲ್ಲ.

ಐವತ್ತು ಅರವತ್ತು ಸಾಲು ತುಂಬಿದ ಮೇಲೆ ಪಟ್ಟಿಯನ್ನು ಎರಡು ಗುಂಪು ಮಾಡಿ: 1.5 ಪಟ್ಟಿಗಿಂತ ಹೆಚ್ಚು ವಾಲ್ಯೂಮ್‌ನಲ್ಲಿ ಬಂದ ಬ್ರೇಕ್‌ಔಟ್‌ಗಳು ಒಂದು ಕಡೆ, ಉಳಿದವು ಇನ್ನೊಂದು ಕಡೆ. ಎರಡರ ಫಲಿತಾಂಶದಲ್ಲಿ ಎದ್ದು ಕಾಣುವ ವ್ಯತ್ಯಾಸ ಇದ್ದರೆ ನಿಯಮವನ್ನು ಇಟ್ಟುಕೊಳ್ಳಿ, ಚಿಕ್ಕ ಮೊತ್ತದಿಂದ ಶುರುಮಾಡಿ. ವ್ಯತ್ಯಾಸವೇ ಕಾಣದಿದ್ದರೆ, ನೀವು ನೋಡುತ್ತಿರುವ ಷೇರುಗಳಿಗೆ, ನೀವು ಹಿಡಿಯುವ ಅವಧಿಗೆ ಈ ಜರಡಿ ಕೆಲಸ ಮಾಡುತ್ತಿಲ್ಲ. 1.5 ಇದ್ದದ್ದನ್ನು 1.7 ಮಾಡಿ, 1.9 ಮಾಡಿ, ಸರಿಹೊಂದುವವರೆಗೆ ತಿರುಗಿಸುತ್ತಾ ಕೂರಬೇಡಿ. ಅವಧಿಯನ್ನು ಬದಲಾಯಿಸಿ, ಹೊಸ ಹಾಳೆಯಲ್ಲಿ ಮತ್ತೆ ಮೊದಲ ಸಾಲಿನಿಂದ ಬರೆಯಿರಿ.